ಜಿಲೇಬಿಗೆ ಒಂದೇ ಕೊಂಬು

ಹೆಸರು ಅಝರುದ್ದೀನ್, ತಂದೆ ಮಮ್ಮಾಲಿ, ಪ್ರಾಯ 42 ವರ್ಷ, ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್, ಸ್ವಂತ ಊರು ವಿಟ್ಲ, ಸದ್ಯ ವಾಸ ಕುವೈತ್‌ನ ಮೈದಾನ್ ಹವಲ್ಲಿ, ಐದನೇ ಮಹಡಿ. ನನಗೆ ಅರಬ್ಬಿ ಓದಲು ಬರೆಯಲು ಬಾರದು. ನಾನು ಕನ್ನಡದಲ್ಲಿ ಹೇಳಿದ್ದನ್ನು ನಮ್ಮ ಕಂಪನಿಯ ಕಾಗದಪತ್ರ ನೋಡಿಕೊಳ್ಳುವ ಡೊಮಿನಿಕ್ ಬರೆದುಕೊಂಡು ಅರಬ್ಬಿಗೆ ಮಾಡಿಕೊಡುತ್ತಾರೆ. ಠಾಣೆಯವರು ವಿಚಾರಿಸಿದ್ದಕ್ಕೆ ತಿಳಿಸುವುದೇನೆಂದರೆ:

ನನ್ನ ಮಗಳು ಹನಾನ್‌ಗೆ ಹತ್ತು ವರ್ಷ. ಇಂಟರ್‌ನೆಟ್ ವಿಷಯದಲ್ಲಿ ನಾನು ಅವಳಿಗೆ ಬಹಳ ಕಟ್ಟುನಿಟ್ಟು. ಟ್ಯಾಬ್ ದಿನಕ್ಕೆ ಮುಕ್ಕಾಲು ಗಂಟೆ, ಅದೂ ನನ್ನ ಕಣ್ಣೆದುರು. ಫೋಟೋ ಹಾಕಬಾರದು, ಶಾಲೆಯ ಹೆಸರು ಬರೆಯಬಾರದು. ಕಳೆದ ವರ್ಷ ಮನೆಯವರೆಲ್ಲ ಕೂತು ಒಂದು ಗುಟ್ಟಿನ ಮಾತು ನಿಶ್ಚಯಿಸಿದೆವು. ಉಪ್ಪ, ಅಂದರೆ ತಂದೆ, ಕಳಿಸಿದ್ದಾರೆ ಎಂದು ಯಾರೇ ಬಂದರೂ ಆ ಮಾತು ಹೇಳದಿದ್ದರೆ ಅವರ ಜೊತೆ ಹೋಗಬಾರದು. ಮಾತನ್ನು ಹನಾನ್‌ಳೇ ಆರಿಸಿದಳು: ಜಿಲೇಬಿ. ಅದು ವಿಟ್ಲದಲ್ಲಿ ನನ್ನ ಅಕ್ಕ ಜೈನಬಾ ಸಾಕಿದ ಆಡಿನ ಹೆಸರು.

08-11-2013 ಶುಕ್ರವಾರ ಜುಮಾ ನಮಾಜು ಮುಗಿಸಿ, ಊಟ ಮಾಡಿ, ಮಧ್ಯಾಹ್ನ 2.40ಕ್ಕೆ ಮಕ್ಕಳ ಸುರಕ್ಷತೆಯ ಬಗ್ಗೆ ಫೇಸ್‌ಬುಕ್‌ನಲ್ಲಿ ಒಂದು ಪೋಸ್ಟ್ ಹಾಕಿದೆ. ಗಲ್ಫಿನ ತಂದೆತಾಯಂದಿರೇ ಎಚ್ಚರ ಎಂದು ಶುರು ಮಾಡಿ, ಗುಟ್ಟಿನ ಮಾತಿನ ಉಪಾಯ ವಿವರಿಸಿದೆ. ಯೂನಿಫಾರ್ಮ್ ಹಾಕಿದ ಹನಾನ್‌ಳ ಫೋಟೋವನ್ನೂ ಸೇರಿಸಿದೆ. ಫಿಂಟಾಸ್‌ನಲ್ಲಿರುವ ಸ್ನೇಹಿತ ಸುಕುಮಾರ, ಎಂಥ ಮಾತು ಮಾರಾಯ, ನಮಗೂ ಒಂದು ಉದಾಹರಣೆ ಹೇಳು ಎಂದು ಕೆಳಗೆ ಬರೆದ. ನಮ್ಮದು ಜಿಲೇಬಿ, ಊರಿನ ಆಡಿನ ಹೆಸರು ಎಂದು ನಾನು ಉತ್ತರಿಸಿದೆ. ಸಂಜೆಯೊಳಗೆ 214 ಲೈಕ್. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಸಂಜೆ 6ಕ್ಕೆ ಹನಾನ್ ಅದನ್ನು ನೋಡಿ, ಉಪ್ಪಾ, ಇಟ್ಸ್ ಎ ಸೀಕ್ರೆಟ್, ಪ್ಲೀಸ್ ಡಿಲೀಟ್ ಎಂದಳು. ನೋಡುವವರೆಲ್ಲ ನಮ್ಮವರೇ ಅಲ್ವಾ, ನೀನು ನನಗೆ ಕಲಿಸುವುದು ಬೇಡ ಎಂದು ಗದರಿದೆ. ಪೋಸ್ಟ್ ಯಾರಿಗೆಲ್ಲ ಕಾಣುತ್ತದೆ ಎಂದು ನಾನು ನೋಡಲೇ ಇಲ್ಲ. ಅದು ಇಡೀ ಲೋಕಕ್ಕೆ ತೆರೆದಿತ್ತು ಎಂದು ಇಲ್ಲಿನ ಅಧಿಕಾರಿ ತೋರಿಸಿದಾಗಲೇ ಗೊತ್ತಾದದ್ದು.

12-11-2013 ಮಂಗಳವಾರ ಮಧ್ಯಾಹ್ನ 2.05ಕ್ಕೆ ಶಾಲಾ ಬಸ್ ಹನಾನ್‌ಳನ್ನು ರಸ್ತೆಯ ಮೂಲೆಯಲ್ಲಿ ಇಳಿಸಿತು. ಅಲ್ಲಿಂದ ನಮ್ಮ ಕಟ್ಟಡಕ್ಕೆ 120 ಮೀಟರ್. ದಿನವೂ ನನ್ನ ಹೆಂಡತಿ ಆಯಿಶತ್ ನಿಶಾ ಅಲ್ಲಿ ಕಾಯುತ್ತಾಳೆ. ಆ ದಿನ ಲಿಫ್ಟ್ ಕೆಟ್ಟಿತ್ತು. ಅವಳು ಮೆಟ್ಟಿಲಿಳಿದು ಬರುವಾಗ 2.10. ಮಗಳು ಇರಲಿಲ್ಲ.

ಮುಂದಿನದು ಹನಾನ್ ಹೇಳಿದ್ದು. ಬಿಳಿ ಕಾರಿನಿಂದ ಒಬ್ಬ ಇಳಿದು, ಪಪ್ಪ ಕಳಿಸಿದ್ದಾರೆ, ಮಾತು ಜಿಲೇಬಿ ಎಂದು ಹಿಂದಿಯಲ್ಲಿ ಹೇಳಿದನಂತೆ. ನಾನು ಕಲಿಸಿದ ಪ್ರಕಾರ ಅವಳು ಹತ್ತಿದಳು. ಕಾರು ಮನೆಯ ದಾರಿ ಬಿಟ್ಟು ತಿರುಗಿದಾಗ, ಜಿಲೇಬಿಗೆ ಎಷ್ಟು ಕೊಂಬು ಎಂದು ಕೇಳಿದಳು. ಅವನು ನಕ್ಕು, ಎರಡು ಎಂದ. ಜಿಲೇಬಿಗೆ ಒಂದೇ ಕೊಂಬು. ಇನ್ನೊಂದು ಮುರಿದು ಎರಡು ವರ್ಷವಾಯಿತು. ಅದನ್ನು ನಾನು ಪೋಸ್ಟ್‌ನಲ್ಲಿ ಬರೆಯದಿದ್ದದ್ದು ನೆನಪಾಗಲಿಲ್ಲ ಎಂಬ ಕಾರಣಕ್ಕೆ ಮಾತ್ರ.

ಸುಮಾರು 600 ಮೀಟರ್ ಹೋಗಿ ಸಿಗ್ನಲ್‌ನಲ್ಲಿ ಕಾರು ನಿಂತಾಗ ಅವಳು ಬಾಗಿಲು ತೆರೆದು, ಬೀರಾನ್ ಎಂಬವರ ದಿನಸಿ ಅಂಗಡಿಗೆ ಓಡಿದಳು. ಕಾರು ಹೋಯಿತು, ನಂಬರ್ ಗೊತ್ತಿಲ್ಲ. 2.16ಕ್ಕೆ ಬೀರಾನ್ ಅವಳಿಂದ ನಂಬರ್ ಕೇಳಿಕೊಂಡು ನನಗೆ ಫೋನ್ ಮಾಡಿ, ಮಗಳು ಇಲ್ಲಿದ್ದಾಳೆ ಭಾಯಿ, ಗಾಬರಿ ಬೇಡ, ಬೇಗ ಬಾ ಎಂದರು. ನಾನು 2.31ಕ್ಕೆ ತಲುಪಿದೆ. ಅಕ್ಕಿ ಚೀಲಗಳ ಹಿಂದೆ ಕೂತಿದ್ದಳು. ಒಂದು ಕಾಲಿನಲ್ಲಿ ಶೂ ಇರಲಿಲ್ಲ. ಅವನಿಗೆ ಮಾತು ಗೊತ್ತಿತ್ತು ಉಪ್ಪಾ ಎಂದಳು. ಯಾ ಅಲ್ಲಾಹ್, ಆ ಮಾತು ಕೇಳುವ ಬದಲು ನಾನು ಎರಡೇಟು ತಿಂದಿದ್ದರೆ ಒಳ್ಳೆಯದಿತ್ತು. 2.50ಕ್ಕೆ ಪೋಸ್ಟ್ ಅಳಿಸಿದೆ. ಆಗಲೇ 61 ಜನ ಹಂಚಿದ್ದರು.

ಇಂದು ಬುಧವಾರ ಪರೀಕ್ಷೆಯಿದ್ದುದರಿಂದ ಅವಳು ಶಾಲೆಗೆ ಹೋದಳು. ಮಧ್ಯಾಹ್ನ 1.30ಕ್ಕೆ ಕರೆತರಲು ನಾನೇ ಹೋದೆ. ಗೇಟಿನ ಒಳಗೆ, ನನ್ನಿಂದ ಮೂರು ಮೀಟರ್ ದೂರದಲ್ಲಿ ನಿಂತು, ಮಾತು ಹೇಳಿ ಎಂದಳು. ಜಿಲೇಬಿ ಎಂದೆ. ಅದು ಹಳೆಯದು, ನಾನೂ ಉಮ್ಮನೂ ಬದಲಾಯಿಸಿದ್ದೇವೆ ಎಂದಳು. ನಾನು ನಿನ್ನ ಉಪ್ಪ ಅಲ್ವಾ ಮಗಳೇ ಎಂದೆ. ಯು ಮೇಡ್ ದ ರೂಲ್ ಎಂದಳು. ವಾಚ್‌ಮ್ಯಾನ್ ನನ್ನನ್ನೇ ನೋಡುತ್ತಿದ್ದ. ನಾನು ಫೋನ್ ಮಾಡಿ ಕರೆದದ್ದಕ್ಕೆ 25 ನಿಮಿಷದ ನಂತರ ನನ್ನ ಹೆಂಡತಿ ಬಂದು ಅವಳ ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ಹನಾನ್ ಹೊರಗೆ ಬಂದಳು. ಕಾರಿನಲ್ಲಿ ಉಮ್ಮನ ಪಕ್ಕ ಕೂತಳು.

ಹೊಸ ಮಾತು ಏನು ಎಂದು ಅಧಿಕಾರಿ ಕೇಳಿದ್ದಕ್ಕೆ ನನ್ನ ಉತ್ತರ: ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ. ದಯಮಾಡಿ ನೀವೂ ಅವಳನ್ನು ಕೇಳಬೇಡಿ.

ಮೇಲಿನದನ್ನು ಡೊಮಿನಿಕ್ ನನಗೆ ಓದಿ ಹೇಳಿದರು. ಎಲ್ಲವೂ ನಾನು ಹೇಳಿದಂತೆಯೇ ಇದೆ, ನಿಜವಿದೆ. ನನ್ನ ತಪ್ಪನ್ನು ನಾನೇ ಬರೆಸಿದ್ದೇನೆ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಹವಲ್ಲಿ, ಕುವೈತ್
ದಿನಾಂಕ: 13-11-2013, ಸಂಜೆ 5.20
ಸಹಿ: ಅಝರುದ್ದೀನ್, ಹನಾನ್‌ಳ ತಂದೆ