ಸರ್ಕಲ್ಲಿನ ಹಳೇ ಕಲ್ಲು

ನಮ್ಮೂರ ಬಸ್ ನಿಲ್ದಾಣದಲ್ಲಿ ಹೂವಿನವಳು, ಮೊರಬದಿಂದ ಬಂದು ಮಾಲೆ ಕೊಂಡ ಮುದುಕಿಗೆ ತನ್ನ ಮಣೆ ಬಿಟ್ಟುಕೊಟ್ಟಳು.

"ಮಾಲಿ ಯಾರಿಗ್ರಿ ಯವ್ವಾ?"

"ನಮ್ಮ ಮನಿಯವರಿಗೆ. ಇವತ್ತ ಶಬ್-ಎ-ಬರಾತ್, ಎಲ್ಲಾರೂ ಗೋರಿಗೆ ಹೂ ಹಾಕತಾರ. ಯುದ್ಧಕ್ಕ ಹೋದವರ ಹೆಣಾನೂ ಬರಲಿಲ್ಲ. ಸರ್ಕಲ್ಲಿನ ಕಲ್ಲಿನ ಮ್ಯಾಲೆ ಹೆಸರೈತಿ, ಅದಕ್ಕ ಹಾಕತೇನಿ."

"ಆ ಕಲ್ಲ ತಗದಾರಲ್ರಿ. ಬಂದೂಕ ಹಿಡದ ಮೂರ್ತಿ ನಿಲ್ಲಿಸ್ಯಾರ."

"ಅದರ ಮ್ಯಾಲೆ ಹೆಸರು?"

"ಯಾರದೂ ಇಲ್ಲ."

"ಹಳೇ ಕಲ್ಲ ಎಲ್ಲೈತಿ?"

"ಒಡದು ಮೂರ್ತಿ ಬುನಾದಿಗೆ ತುಂಬಿದ್ರು."

"ನಮ್ಮವರ ಹೆಸರಿನ ತುಂಡು ಯಾ ಮೂಲಿಗೆ ಬಿತ್ತು?"

"ಹೆಂಗ ಹೇಳಲಿ? ಇನ್ನ ಮೂರು ಮಾಲಿ ತಗೋರಿ, ನಾಕೂ ಮೂಲಿಗೆ ಹಾಕೂಣು."

"ಬ್ಯಾಡವ್ವಾ. ನಾಕು ಗೋರಿ ಅಂದ್ರ ಒಂದೂ ಇಲ್ಲದಂಗ."

ಮಾಲೆಯನ್ನು ಬುಟ್ಟಿಗೇ ಮರಳಿಸಿ ಮುದುಕಿ ಎದ್ದಳು. ಹೂವಿನವಳು ಬುಟ್ಟಿ ಅಲ್ಲೇ ಬಿಟ್ಟು, ಆಕೆಯ ಕೈ ಹಿಡಿದು ಮೊರಬದ ಬಸ್ಸಿನವರೆಗೂ ಹೋದಳು.