ಚುಕ್ಕಿಹೊಳೆ ಸೀರೆ

...ತಡಿಯಕ್ಕ, ಬಂದ ತಕ್ಷಣ ಸೀರೆಗೆ ಏನು ಹೆಸರು ಹೇಳ್ದೆ ಅಂತ ಜೀವ ತಿನ್ಬೇಡ. ಮೊದಲು ಈ ಶಾಲು ನೋಡು! ಚಳ್ಳಕೆರೆ ವಸ್ತುಪ್ರದರ್ಶನದಾಗೆ, ಅಷ್ಟು ಜನದ ಮುಂದೆ, ನಿನ್ನ ತಮ್ಮ ಮುರುಗೇಶಂಗೆ ಹೊದಿಸಿದ್ರು. ಹೊನ್ನಕ್ಕ, ನೀನು ನೇಯ್ದ ಸೀರೆಗೇ ಮೊದಲ ಬಹುಮಾನ. ಇಂಥ ಸೆರಗು ಇಡೀ ಮೊಳಕಾಲ್ಮೂರಿನಾಗೆ ಯಾರ ಮಗ್ಗದಾಗೂ ಇಳಿದಿಲ್ಲ ಅಂದ್ರು. ಸೀರೆ ಈ ಚೀಲದಾಗೇ ಐತೆ, ಆಮೇಲೆ ತೆಗಿ. ನೀನು ರಾಟೆ ತಿರುಗಿಸ್ತಾ ಕಂಡಿಕೆಗೆ ನೂಲು ಸುತ್ತು, ನಾನು ಹೇಳ್ತಾ ಹೋಗ್ತೀನಿ.

ನಮ್ಮ ಪಕ್ಕದ ಮಳಿಗೆ ಯಾವುದು ಗೊತ್ತಾ? ದುರ್ಬೀನಿಂದು. ವಿಶ್ವನಾಥ್ ಅಂತ ಒಬ್ಬ ಮೇಷ್ಟ್ರು, ಬೆಳಗಿಂದ ಸಂಜೆ ತನಕ ಒಂದೇ ಕಥೆ. ಹರ್ಷೆಲ್ ಅಂತ, ಇನ್ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಾಗಿದ್ನಂತೆ. ಕಸುಬು ಸಂಗೀತ, ಹುಚ್ಚು ಆಕಾಶದ್ದು. ತಾನೇ ಕನ್ನಡಿ ಉಜ್ಜಿ ಉಜ್ಜಿ ದುರ್ಬೀನು ಮಾಡ್ದ. ನಡುವೆ ಕೈ ತೆಗೆಯಂಗಿಲ್ಲ ಅಂತ ಅವನ ತಂಗಿನೇ ಅವನ ಬಾಯಿಗೆ ತುತ್ತು ಇಡ್ತಿದ್ಲಂತೆ. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ, ಅವನಿಗೆ ನಿಜವಾಗ್ಲೂ ಹಂಗೇ ಆತು ನೋಡು... ಯಾಕೆ ನಗ್ತೀಯಾ? ನೀನು ಮಗ್ಗದಾಗೆ ಕೂತಾಗ ನಾನು ಒಂದು ಲೋಟ ಚಾನೂ ತಂದುಕೊಟ್ಟಿಲ್ಲ ಅಂತಲಾ? ಇರ್ಲಿ ಬಿಡು, ಅದು ಬೇರೆ ಮಾತು.

ಅವನು ಶನಿಯಿಂದ ಆಚೆಗೆ ಒಂದು ಹೊಸ ಗ್ರಹ ಕಂಡುಹಿಡಿದ. ಎಲ್ರೂ ಶನಿನೇ ಕೊನೆ ಅಂದ್ಕೊಂಡಿದ್ರಂತೆ. ನಮಗೆ ಇರೋ ಶನಿಕಾಟವೇ ಸಾಲದಾ... ಸರಿ, ಸರಿ, ಹೆಸರಿಗೇ ಬರ್ತೀನಿ. ಅದಕ್ಕೆ ತನ್ನ ಹೆಸರಿಟ್ನಾ? ಇಲ್ಲ. ಅಲ್ಲಿನ ರಾಜ ಜಾರ್ಜನ ಹೆಸರಿಟ್ಟ! ರಾಜ ಖುಷಿಯಾಗಿ ಅವನನ್ನ ತನ್ನ ಕಡೆ ಇಟ್ಕೊಂಡ. ಆಮೇಲೆ ನೋಡಿದ್ದೇ ನೋಡಿದ್ದು. ಮಂಜಿನಂಗೆ ಕಾಣೋ ಚುಕ್ಕಿ ಸಾವಿರಾರು ಹುಡುಕಿದ, ಅದರಾಗೆ ಎಷ್ಟೋ ನಮ್ಮ ಆಕಾಶಗಂಗೆಯಂಥವೇ ಬೇರೆ ಗೆಲಾಕ್ಸಿಗಳು ಅಂತ ಮುಂದೆ ಗೊತ್ತಾಯ್ತಂತೆ. ದೊಡ್ಡೋರ ಹೆಸರಿಟ್ರೆ ಎಷ್ಟು ಅನುಕೂಲ ನೋಡಕ್ಕ! ಹ್ಞಾಂ? ಆ ರಾಜನ ಹೆಸರಾ... ಅದನ್ನ ಈಗ ಯಾರೂ ಅನ್ನಲ್ಲ. ಯುರೇನಸ್ ಅಂತಾರೆ.

ಅದಕ್ಕೇ... ನಮ್ಮ ನೇಕಾರರ ಸಂಘದ ಅಧ್ಯಕ್ಷರು, ರಾಂಪುರದ ಓಂಕಾರಮೂರ್ತಿಯೋರು, ಅವರ ಮನೆಯೋರು ಜಗದಾಂಬಮ್ಮ, ಇಬ್ರೂ ಮುಂದಿನ ಸಾಲಿನಾಗೇ ಕೂತಿದ್ರು. ಮೈಕಿನಾಗೆ ಸೀರೆ ಹೆಸರು ಕೇಳಿದ್ರು. ನಾನು... 'ಜಗದಾಂಬ ಸೆರಗು' ಅಂದುಬಿಟ್ಟೆ. ಅಧ್ಯಕ್ಷರು ಎದ್ದುನಿಂತು ಚಪ್ಪಾಳೆ ತಟ್ಟಿದ್ರು, ಇದು ದಿಲ್ಲಿ ಮೇಳಕ್ಕೆ ಹೋಗ್ಲಿ ಅಂದ್ರು! ಗೊತ್ತು, ನೀನು ಚುಕ್ಕಿಹೊಳೆ ಅನ್ನು ಅಂದಿದ್ದೆ. ಬೇಸಿಗೆ ಪೂರಾ ಮಾಳಿಗೆ ಮೇಲೆ ಮಲಗಿ, ಆಕಾಶಗಂಗೆ ನೋಡಿ ನೋಡಿ ಬಿಡಿಸಿದ ಸೆರಗು ಅದು. ಆದ್ರೆ ಆ ಹೊತ್ತಿಗೆ ನಾಲಿಗೆ ಹೊರಳಿಬಿಡ್ತು. ಮೊದಲೇ ಯೋಚನೆ ಮಾಡಿದ್ದಲ್ಲ, ದೇವರಾಣೆ.

ಏನಂದೆ? ಆ ತಂಗಿ ಏನಾದ್ಲು ಅಂತಲಾ? ಅವಳೂ ಒಂದು ಸಣ್ಣ ದುರ್ಬೀನು ಇಟ್ಕೊಂಡು ಗೆಲಾಕ್ಸಿ ಕಂಡುಹಿಡಿದ್ಲಂತೆ. ಅಣ್ಣ ತನ್ನ ಪಟ್ಟಿಯಾಗೆ, ಅವಳು ಕಂಡಿದ್ದರ ಪಕ್ಕ, ಅವಳ ಹೆಸರಿನ ಎರಡಕ್ಷರ ಬರೆದಿಟ್ನಂತೆ. ಎರಡೇ ಅಕ್ಷರ...

ರಾಟೆ ಯಾಕೆ ನಿಲ್ಲಿಸ್ದೆ?

ಚೀಲ ಬಿಡಕ್ಕ, ಮಡಿಕೆ ಕೆಡುತ್ತೆ. ಸೆರಗಿನ ಮೂಲೆ ಯಾಕೆ ಹುಡುಕ್ತೀಯಾ? ನೀನು ನೇಯ್ದ ಸೀರೆ ಅಂದ್ಮೇಲೆ ಆ ಮೂಲೆಯಾಗೆ ಜರಿ ಎಳೆಯಾಗೆ ಒಂದು 'ಹೊ' ಇರುತ್ತೆ, ಹೊನ್ನಕ್ಕನ 'ಹೊ', ನಂಗೊತ್ತಿಲ್ವಾ? ಅದು... ಬೇರೆಯೋರ ಹೆಸರಿನ ಸೀರೆ ಮೇಲೆ ಚೆಂದ ಕಾಣಲ್ಲ ಅಂತ... ಬಸ್ಸಿನಾಗೆ, ಸೂಜಿ ತಗೊಂಡು, ಒಂದೊಂದೇ ಎಳೆ ಬಿಚ್ಚಿ...

ಹಂಗೆ ನೋಡ್ಬೇಡಕ್ಕ. ಬರ್ತಾ ಅಲ್ಲ. ಚಳ್ಳಕೆರೆಗೆ ಹೋಗ್ತಾ.

ನಾಲ್ಕು ಬೈದುಬಿಡು... ಇದೇನು, ಸೂಜಿ ನನ್ನ ಕೈಗೆ ಕೊಡ್ತೀಯಾ? ಜರಿ ಎಳೇನೂ? ಆ 'ಹೊ' ನಾನೇ ತಿರುಗಿ ಹಾಕ್ಬೇಕಾ? ಅಕ್ಕಾ, ನಂಗೆ ಬಿಚ್ಚೋಕೆ ಮಾತ್ರ ಬರುತ್ತೆ.