ಹರಿತಾ ಇನ್ನೂ ಊರಿಗೆ ಬಂದಿಲ್ಲ

"ಹಲೋ... ಹಲೋ, ಯಾರು ಮಾತಾಡೋದು? ... ಹಾಂ? ಯಾವ ರೂಪ?"

ಮುನಿವೆಂಕಟಪ್ಪ ರೇಷ್ಮೆ ಸಾಕುವ ಹುಳುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಸೊಸೆ ರಾಧಾಮಣಿ ಹಿಪ್ಪುನೇರಳೆ ತೋಟಕ್ಕೆ ಹೊರಟವಳು ತನ್ನ ಫೋನನ್ನು ಅವನ ಮಡಿಲಿಗೆ ಹಾಕಿ ಹೋಗಿದ್ದಳು.

...

"ಓ, ಬೆಂಗಳೂರು ಫುಟ್ಬಾಲ್ ಟೀಮಿನ ರೂಪಮ್ಮನಾ! ಆಟಗಾರ್ತೀರ ಕೈಕಾಲು ನೋಡ್ಕೊಳ್ಳೋಳು, ಅಲ್ವಾ? ಹೋದ್ಸಲ ನಮ್ಮ ಹರಿತಾಳ ತೊಡೆ ನರ ಕಿತ್ಕೊಂಡಾಗ ನೀನು ಮನೇಗೂ ಬಂದಿದ್ದೆ. ಮುದ್ದೆ ನುಂಗಕ್ಕೆ ಬರ್ದೆ ಅಗೀತಾ ಕೂತಿದ್ದೆ... ಹಾಂ, ನಾನೇ, ಅವಳ ತಾತ. ಹೇಳಮ್ಮಾ. ಒಂಚೂರು ಮೆತ್ತಗೆ ಮಾತಾಡು, ಮಗು ಮಲಗವ್ಳೆ."

...

"ಅವಳ ಫೋನಾ? ಆರಿಸ್ಬಿಟ್ಟೆ ಕಣಮ್ಮ. ದಿಂಬಿನ ಕೆಳಗೆ ಬುರ್ ಬುರ್ ಅಂತ ನಡುಗ್ತಾನೇ ಇತ್ತು. ರಾಧಾಮಣಿಗೆ ಹೇಳಿ ಸುಮ್ನೆ ಮಾಡಿಸ್ದೆ."

...

"ಹೆಂಗವ್ಳೆ ಅಂದ್ರೆ... ಏನು ಹೇಳ್ಲಿ. ಬಂದಾಗಿಂದ ಹಗಲೆಲ್ಲಾ ಮಲಗೇ ಅವ್ಳೆ. ದೇವನಹಳ್ಳೀಲಿ ಏರೋಪ್ಲೇನ್ ಇಳಿದೋಳು ಸೀದಾ ಇಲ್ಲಿಗೇ ಬಂದ್ಲು. ದೇಶಕ್ಕೋಸ್ಕರ ಅಷ್ಟು ದೂರ ಹೋಗಿ ಆಡಿ ಬಂದವ್ಳೆ ಅಂತ ಶಿಡ್ಲಘಟ್ಟದಲ್ಲಿ ಸನ್ಮಾನ ಇಟ್ಕೊಂಡಿದ್ರು. ಶಾಲು ಹಾಕಿದ್ರೆ ಅದನ್ನೇ ಹೊದ್ಕೊಂಡು ಸ್ಟೇಜ್ ಮೇಲೇ ನಿದ್ದೆ ಹೋದ್ಲು. ನಮ್ಮೂರ ಪಂಚಾಯ್ತಿ ಅಧ್ಯಕ್ಷ ನಲ್ಲಪ್ಪ ಭಾಷಣ ಮಾಡ್ತಿದ್ದ. ಜನ ನಗ್ತಿರೋದು ತನ್ನ ಮಾತಿಗೇ ಅಂದ್ಕೊಂಡು ಇನ್ನೂ ಎಳೆದ, ಪುಣ್ಯಾತ್ಮ."

ಹೇಳುವಾಗ ಅವನಿಗೂ ನಗು ಬರಬೇಕಿತ್ತು. ಬರಲಿಲ್ಲ.

...

"ರಾತ್ರಿನಾ? ರಾತ್ರಿ ಮಲಗಲ್ಲ. ಅಂಗಳದಲ್ಲಿ ಒಬ್ಬಳೇ ಚೆಂಡು ಕಾಲಲ್ಲಿ ತಟ್ಕೊಂಡಿರ್ತಾಳೆ. ಬೆಳಕು ಹರೀತಿದ್ದಂಗೆ ತೂಕಡಿಸ್ತಾಳೆ. ತಟ್ಟೆ ಮುಂದಿಟ್ರೆ ಅದನ್ನೇ ನೋಡ್ತಾ ಕೂರ್ತಾಳೆ. ಸಿಟ್ಟಿಲ್ಲ, ಅಳು ಇಲ್ಲ. ಗೆದ್ರಾ ಸೋತ್ರಾ ಅಂತ ಕೇಳ್ದೆ. 'ಸೋತ್ವಿ ತಾತ' ಅಂದ್ಲು, ಯಾರೋ ಬೇರೆಯೋರು ಸೋತಂಗೆ."

...

"ಎಬ್ಬಿಸೋದಾ? ಈಗಲಾ? ಯಾಕಮ್ಮಾ?"

ಅವನ ಬೆನ್ನ ಹಿಂದೆ, ಹುಳುಮನೆಯ ತಟ್ಟೆಗಳ ಮೇಲೆ, ರೇಷ್ಮೆ ಹುಳುಗಳು ತಲೆ ಎತ್ತಿಕೊಂಡು ಅಲುಗಾಡದೆ ಕೂತಿದ್ದವು. ಸೊಪ್ಪು ಮೇಯುವ ಸದ್ದು ಬೆಳಗ್ಗೆಯೇ ನಿಂತಿತ್ತು. ಅದಕ್ಕೆ ಅಂಟಿಕೊಂಡ ಕೋಣೆಯಲ್ಲಿ ಮೊಮ್ಮಗಳು. ಕಿಟಕಿಗೆ ಒದ್ದೆ ಗೋಣಿ ಕಟ್ಟಿದವನು ಅವನೇ.

"ನಮ್ಮ ಹುಳ ನೋಡಿದ್ದೀಯಲ್ಲ ರೂಪಮ್ಮ? ಪೊರೆ ಬಿಡೋ ಮುಂಚೆ ಹಿಂಗೇ ಕೂರ್ತವೆ. ನಾವು ಜ್ವರ ಅಂತೀವಿ, ಕಾಯಿಲೆ ಅಲ್ಲ ಅದು, ನಿದ್ದೆ. ಆಗ ಸೊಪ್ಪು ಹಾಕ್ಬಾರ್ದು, ಮುಟ್ಬಾರ್ದು, ಗಲಾಟೆ ಮಾಡ್ಬಾರ್ದು. ತಾವಾಗೇ ಏಳೋಗಂಟ ಕಾಯ್ಬೇಕು. ಹಂಗೇ ಬಿಟ್ಟಿದೀನಿ ಮಗೂನ. ಗೋಣಿ ಕಟ್ಟಿ ಕತ್ತಲೆ ಮಾಡಿದೀನಿ. ಊಟಕ್ಕೆ ಎಬ್ಬಿಸ್ತೀನಿ ಅಂತ ಅವರಮ್ಮ ರಾಧಾಮಣಿ ಹೋದ್ರೂ ನಾನು ಬಿಡ್ಲಿಲ್ಲ."

...

"ಹಲೋ? ... ಇದೀಯಾ ಅಮ್ಮಾ? ಏನು, ತಪ್ಪು ಮಾಡಿದ್ನಾ?"

...

"ಬೆಳಕಾ? ... ಬಿಸಿಲಲ್ಲಿ ಓಡಾಡಿಸ್ಬೇಕಿತ್ತಾ? ... ಹಗಲು ಮಲಗಕ್ಕೆ ಬಿಡಬಾರ್ದಿತ್ತಾ? ... ಮಲಗಿದ್ರೂ ಒಂಚೂರೇನಾ?"

...

"ಹಾಂ... ಹಾಂ. ಅವಳಿಗೆ ಹೇಳಿ ಕಳಿಸಿದ್ದೆ ನೀನು. ಹೌದು, ಅವಳೂ ನನಗೆ ಹೇಳಿದ್ಲು. 'ತಾತ, ಹಗಲೊತ್ತು ಮಲಗಿದ್ರೆ ಎಬ್ಬಿಸು, ನಾನು ಬೈದ್ರೂ ಎಬ್ಬಿಸು' ಅಂದ್ಲು. ಆಯ್ತು ಕಣಮ್ಮ ಅಂದೆ. ಸುಸ್ತಲ್ಲಿ ಏನೋ ಹೇಳ್ತಾವ್ಳೆ ಅಂದ್ಕೊಂಡೆ. ಒಂದ್ಸಲ ಎಬ್ಬಿಸಕ್ಕೂ ಹೋದೆ. ಬಾಯಿ ತೆರ್ಕೊಂಡು ಮಲಗಿದ್ಲು, ಚಿಕ್ಕೋಳಿದ್ದಾಗ ಮಲಗೋ ಹಂಗೇ. ತೋಟದಲ್ಲಿ ಬರಿಗಾಲಲ್ಲಿ ಚೆಂಡು ಆಡ್ತಾ ಕೊಯ್ದು ಬಿಟ್ಟ ಹಿಪ್ಪುನೇರಳೆ ಕೂಳೆ ಚುಚ್ಚಿಸ್ಕೊಂಡಿದ್ಲು ಆಗ. ಹಿಮ್ಮಡೀಲಿ ಆ ಕಲೆ ಇನ್ನೂ ಐತೆ. ಅದನ್ನ ನೋಡ್ತಾ ನಿಂತ್ಕೊಂಡೆ. ಎಬ್ಬಿಸಕ್ಕೆ ಮನಸ್ಸು ಬರ್ಲಿಲ್ಲ. ಬಾಗಿಲು ಮುಂದಕ್ಕೆ ಎಳ್ಕೊಂಡು ಬಂದೆ."

...

"ನಂಗೆ ಅರ್ಥ ಆಗೋ ಹಂಗೆ ಹೇಳಮ್ಮಾ... ಅಂದ್ರೆ, ನಮಗೆ ಬೆಳಗಾದ್ರೂ ಅವಳ ಮೈಗೆ ಇನ್ನೂ ಆಡಿ ಬಂದ ಆ ದೇಶದ ರಾತ್ರೀನೇನಾ? ... ಬಿಸಿಲು ಬಿದ್ರೇನೇ ಮೈಗೆ ಗೊತ್ತಾಗೋದಾ, ಊರು ಬಂತು ಅಂತ? ... ಹಂಗಾದ್ರೆ ನಾನು ಗೋಣಿ ಕಟ್ಟಿ... ಅವಳನ್ನ ಊರಿಗೆ ಬರಕ್ಕೇ ಬಿಡ್ಲಿಲ್ವಾ?"

ಆ ಕಡೆಯವಳು ಸಮಾಧಾನ ಹೇಳುತ್ತಿದ್ದಳು. ಮುನಿವೆಂಕಟಪ್ಪ ಬೆರಳಿಗೆ ಮೆತ್ತಿದ್ದ ಸುಣ್ಣದ ಪುಡಿಯನ್ನು ಪಂಚೆಗೆ ಒರೆಸಿಕೊಂಡ. ತೇವ ಹೀರಲೆಂದು ಹುಳುಗಳ ಮೇಲೆ ತೆಳ್ಳಗೆ ಉದುರಿಸಿ ಬಂದ ಪುಡಿ. ಒರೆಸಿದ ಮೇಲೂ ಒರೆಸುತ್ತಲೇ ಇದ್ದ. ಎದೆಯಲ್ಲಿ ನೋವು ಅನ್ನುವಂಥದ್ದೇನೂ ಕಾಣಲಿಲ್ಲ. ಚಳಿಗೆ ಜೋಮು ಹಿಡಿದ ಕಾಲಿನ ಹಾಗಿತ್ತು.

...

"ಜೊತೆಗೆ ಹೋಗಿದ್ದ ಹುಡುಗೀರು? ... ಎದ್ದವ್ರಾ? ಅವರೂ ಅದೇ ಏರೋಪ್ಲೇನಲ್ಲೇ ಅಲ್ವಾ ಬಂದಿದ್ದು? ... ಓಡ್ತಾವ್ರಾ? ... ಒಳ್ಳೇದಾಯ್ತು ಬಿಡು."

...

"ಇವತ್ತಾ? ಇವತ್ತು ಸಾಯಂಕಾಲಾನೇ ಬೆಂಗಳೂರಿಗೆ ಬರ್ಬೇಕಾ? ... ಕೋಚ್ ಭಾನುಪ್ರಕಾಶ್ ಸಾರ್ ಓಡ್ಸಿ ನೋಡ್ತಾರಾ? ... ನೋಡಿ?"

...

"ಓಡಕ್ಕಾಗ್ದಿದ್ರೆ ಜಾಗ ಬೇರೆ ಹುಡುಗೀಗಾ? ... ಬರೀ ಒಂದು ಮ್ಯಾಚಿಗಾ, ಇಲ್ಲಾ... ಹಾಂ. ಈ ಸಲದ ಲೀಗ್ ಪೂರ್ತಿ."

...

"ಹಿಂಗೇ ಓಡಿದ್ರೆ ತೊಡೆ ಮತ್ತೆ ಹೋಗುತ್ತಾ? ನಿಜ ಹೇಳು. ... ಹೋಗಬಹುದು. ಹೂಂ. ಹೋದ್ಸಲ ಚಿಂತಾಮಣಿ ಹೋಟ್ಲಲ್ಲಿ ಟಿವೀಲಿ ಅವಳ ಆಟ ನೋಡ್ತಿದ್ದೆ ರೂಪಮ್ಮ. ಆವತ್ತೂ ದೂರದಿಂದ ಬಂದೋಳು ನಿದ್ದೆಗಣ್ಣಲ್ಲೇ ಇಳಿದಿದ್ಲು. ಚೆಂಡು ದಾಟಿ ಹೋದ್ಮೇಲೆ ಕಾಲು ಎತ್ತಿದ್ಲು. ಆಮೇಲೆ ತೊಡೆ ಹಿಡ್ಕೊಂಡು ಕೂತ್ಬಿಟ್ಲು. ಹೋಟ್ಲಲ್ಲಿ ಯಾರೋ 'ಇವಳ್ಯಾಕೆ ಬೇಕಿತ್ತು' ಅಂದ. ಕಾಫಿ ಲೋಟ ಇಟ್ಟು ಎದ್ದು ಬಂದೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಾಸಿಗೆಗೇ ಹೋಯ್ತು. ಅದಕ್ಕೇ ಕಣಮ್ಮ, ಈ ಸಲನಾದ್ರೂ ಚೆನ್ನಾಗಿ ಮಲಗ್ಲಿ ಅಂತ..."

ಅವನು ಬಾಗಿಲು ಹಿಡಿದುಕೊಂಡು ಎದ್ದು ನಿಂತ.

"ಸಾರ್‌ಗೆ ನನ್ನ ಹೆಸರು ಹೇಳಮ್ಮಾ. ಹುಡುಗಿ ಸೋಮಾರಿ ಅಲ್ಲ, ಮುದುಕ ಮಲಗಿಸಿದ್ದ ಅನ್ನು. ಎರಡು ದಿನ ಕೊಡ್ಲಿ. ಹಗಲೆಲ್ಲಾ ಬಿಸಿಲಲ್ಲೇ ನಿಲ್ಲಿಸ್ತೀನಿ, ಕಣ್ಣು ಮುಚ್ಚಕ್ಕೆ ಬಿಡಲ್ಲ. ಆಮೇಲೆ ಓಡ್ಸಿ ನೋಡ್ಲಿ. ... ಅಲ್ಲೇ ಅವ್ರಾ? ಕೇಳ್ತೀಯಾ? ... ಕೇಳು, ಕೇಳು. ಎಬ್ಬಿಸ್ತೀನಿ, ಈಗ್ಲೇ ಎಬ್ಬಿಸ್ತೀನಿ. ಫೋನು ಕಿವೀಲೇ ಇಟ್ಕೊಂಡಿರ್ತೀನಿ."

...

ಅವನು ಒಳಗೆ ಹೋಗಿ ಗೋಣಿಯ ಗಂಟಿಗೆ ಕೈ ಹಾಕಿದ. ಗಟ್ಟಿಯಾಗಿ ಕಟ್ಟಿದ್ದ. ಒಂದು ಕೈಯಲ್ಲಿ ಬಿಚ್ಚಲಾಗದೆ ಹಲ್ಲಿನಿಂದ ಎಳೆದ. ಗೋಣಿ ಕೆಳಗೆ ಬಿತ್ತು. ಮಧ್ಯಾಹ್ನದ ಬಿಸಿಲು ನೇರವಾಗಿ ಹರಿತಾಳ ಮುಖದ ಮೇಲೆ ಬಿತ್ತು. ಅವಳು ಗೋಡೆಯ ಕಡೆ ಹೊರಳಿದಳು.

"ಹರಿತಾ... ಏಳಮ್ಮಾ. ಎದ್ದೇಳಮ್ಮಾ, ಎದ್ದೇಳು. ಏಳು ತಾಯೀ. ಬೈಯಿ ನನ್ನ, ಪರವಾಗಿಲ್ಲ. ಬೈದ್ರೂ ಎಬ್ಬಿಸು ಅಂದಿದ್ಯಲ್ಲ?"

...

"ಹಾಂ, ನಾನೇ. ತಾತ... ಏನು? ಯಾವ ಊರಾ? ನಮ್ಮೂರೇ ಕಣಮ್ಮ. ಬೆಳಗಲ್ಲ, ಮಧ್ಯಾಹ್ನ. ಬಾ, ಈಚೆಗೆ ಬಾ. ನನ್ನ ಹೆಗಲು ಹಿಡ್ಕೋ."

ಅಂಗಳದ ನಡುವೆ ಅವಳನ್ನು ನಿಲ್ಲಿಸಿದ. ಬಿಸಿಲಿಗೆ ಅವಳು ಮುಖ ಸಿಂಡರಿಸಲಿಲ್ಲ, ಬೈಯಲೂ ಇಲ್ಲ. ದೇಶದ ಹೆಸರು ಬರೆದ ಅಂಗಿಯಲ್ಲೇ, ಬರಿಗಾಲಲ್ಲಿ, ಯಾರೋ ತಂದು ಇಟ್ಟ ಹಾಗೆ ನಿಂತಿದ್ದಳು. ರಾತ್ರಿ ತಟ್ಟಿದ ಚೆಂಡು ತುಳಸಿಕಟ್ಟೆಯ ಪಕ್ಕ ಬಿದ್ದಿತ್ತು. ಅವಳು ಅದರ ಕಡೆ ನೋಡಲಿಲ್ಲ.

...

"ಹಲೋ, ರೂಪಮ್ಮಾ? ... ಹಾಂ, ಎದ್ದವ್ಳೆ. ಬಿಸಿಲಲ್ಲಿ ನಿಲ್ಲಿಸಿದೀನಿ. ... ಮಾತಾಡ್ತಾಳೆ, ಯಾವ ಊರು ಅಂತ ಕೇಳಿದ್ಲು. ... ಸಾರ್ ಏನಂದ್ರು?"

ಆ ಕಡೆ ಮಾತು ಶುರುವಾಯಿತು. ಅಷ್ಟರಲ್ಲಿ ಹೆಗಲ ಮೇಲಿನ ಕೈ ಭಾರವಾಯಿತು. ತಿರುಗಿ ನೋಡಿದ. ಹರಿತಾ ನಿಂತಲ್ಲೇ ಕಣ್ಣು ಮುಚ್ಚಿದ್ದಳು. ಮೊಣಕಾಲು ಮಡಚಿಕೊಳ್ಳುತ್ತಿತ್ತು. ಫೋನು ಹಿಡಿದ ಕೈಯಿಂದಲೇ ಅವಳ ಸೊಂಟ ತಬ್ಬಿ ಹಿಡಿದ.

"ಮಲಗಬ್ಯಾಡ ಕಣಮ್ಮಾ... ಹರಿತಾ, ನಿಂತ್ಕೋ. ಕಣ್ಣು ಬಿಡು. ಚೆಂಡು ಎಲ್ಲೈತೆ ನೋಡು... ತಡಿ ರೂಪಮ್ಮ, ತಡಿ, ಬಂದೆ..."

...

"ಹಾಂ, ಈಗ ಹೇಳು. ಏನಂದ್ರು ಅಂದೆ? ನಂಗೆ ಕೇಳಿಸ್ಲಿಲ್ಲ... ಎರಡು ದಿನ ಅಂದ್ಯಾ, ಇವತ್ತೇ ಅಂದ್ಯಾ? ... ಹಲೋ? ... ರೂಪಮ್ಮಾ, ಎದ್ದವ್ಳೆ ಅಂತ ಹೇಳಮ್ಮಾ ಅವರಿಗೆ, ಎದ್ದು ನಿಂತವ್ಳೆ ಅಂತ... ಹಲೋ..."